ಒಂದೇ ಪದ, ಹತ್ತು ಅರ್ಥ: ಧಾರಾವಿಯಲ್ಲಿ ನಿಂತು ನೋಡಿದ 'ಕನ್ಸಾಲಿಡೇಶನ್'

ಇವತ್ತಿನ ಮಾತು ಒಂದೇ ಒಂದು ಪದದ ಬಗ್ಗೆ. ಕನ್ಸಾಲಿಡೇಶನ್.

ಐಟಿಯಲ್ಲಿರೋ ನಮಗೆ ಈ ಪದ ಹೊಸದೇನಲ್ಲ. ಆಫೀಸಿನಲ್ಲಿ ಸರ್ವರ್ ಕನ್ಸಾಲಿಡೇಶನ್ ಅಂತಾರೆ, ಟೀಮ್ ಕನ್ಸಾಲಿಡೇಶನ್ ಅಂತಾರೆ. ಮೊಬೈಲಿಗೆ 'ನಿಮ್ಮ ಎಲ್ಲ ಸಾಲಗಳನ್ನೂ ಒಂದೇ ಇಎಂಐ ಮಾಡಿಕೊಳ್ಳಿ' ಅಂತ ಮೆಸೇಜ್ ಬರುತ್ತೆ, ಅದು ಲೋನ್ ಕನ್ಸಾಲಿಡೇಶನ್. ಊರಿಂದ ಅಪ್ಪನ ಎದೆಯ ಎಕ್ಸ್‌ರೇ ರಿಪೋರ್ಟ್ ವಾಟ್ಸಾಪ್‌ನಲ್ಲಿ ಬಂದ್ರೆ ಅಲ್ಲೂ ಇದೇ ಪದ ಕಾಣಬಹುದು. ಮ್ಯಾನೇಜರ್ ಹೇಳಿದಾಗ ಶುಭಸುದ್ದಿಯ ಹಾಗೆ ಕೇಳೋ ಪದ, ಡಾಕ್ಟರ್ ಬರೆದಾಗ ಎದೆ ಝಲ್ ಅನ್ನಿಸುತ್ತೆ. ಒಂದೇ ಪದ ಹೀಗೆ ಎರಡು ಕಡೆ ವಾಲೋದು ಯಾಕೆ? ಇದನ್ನ ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡೋಣ.

ಇದಕ್ಕೆ ನಾನು ಆರಿಸಿಕೊಂಡಿರೋ ಜಾಗ ಧಾರಾವಿ. ಮುಂಬಯಿಯಲ್ಲಿ ಕೆಲಸ ಮಾಡೋರಿಗೆ ಗೊತ್ತು, ಬಿಕೆಸಿಯ ಗಾಜಿನ ಕಟ್ಟಡಗಳಿಗೂ ಧಾರಾವಿಗೂ ನಡುವೆ ಇರೋದು ಮೀಠಿ ನದಿ ಅಷ್ಟೇ. ಸುಮಾರು 2.4 ಚದರ ಕಿಲೋಮೀಟರ್ ಜಾಗ. ಆ ಇಷ್ಟೇ ಜಾಗದಲ್ಲಿ ಈ ಪದದ ಬಹುಪಾಲು ಅರ್ಥಗಳು ನಮಗೆ ಸಿಗುತ್ತವೆ. ಮಣ್ಣಿನಲ್ಲಿ ಸಿಗುತ್ತೆ, ಶ್ವಾಸಕೋಶದಲ್ಲಿ ಸಿಗುತ್ತೆ, ಕಂಟೇನರ್‌ನಲ್ಲಿ ಸಿಗುತ್ತೆ, ಕಂಪನಿಯ ಲೆಕ್ಕಪತ್ರದಲ್ಲಿ ಸಿಗುತ್ತೆ, ಕೊನೆಗೆ ಜನರ ಮನೆಯ ವಿಷಯದಲ್ಲೂ ಸಿಗುತ್ತೆ.

ಪದದ ಎರಡು ತುಂಡು

ಮೂಲ ಲ್ಯಾಟಿನ್. 'ಕಾನ್' ಅಂದ್ರೆ ಜೊತೆಗೆ, ಒಟ್ಟಿಗೆ. 'ಸಾಲಿಡಸ್' ಅಂದ್ರೆ ಗಟ್ಟಿ. ಒಟ್ಟಿಗೆ ಸೇರಿ ಗಟ್ಟಿಯಾಗೋದು. ಎರಡು ಕ್ರಿಯೆ, ಒಂದೇ ಪದ.

ಕನ್ನಡದಲ್ಲಿ ಎರಡನ್ನೂ ಒಟ್ಟಿಗೆ ಹೊರುವ ಒಂದು ಪದ ರೂಢಿಯಲ್ಲಿಲ್ಲ. ಹಾಗಾಗಿ ನಾವು ಸಂದರ್ಭ ನೋಡಿ ಒಂದೊಂದು ತುಂಡನ್ನ ಹಿಡಿದುಕೊಳ್ತೀವಿ. ಬ್ಯಾಂಕುಗಳದ್ದಾದ್ರೆ 'ವಿಲೀನ'. ಸರ್ಕಾರದ ಕನ್ಸಾಲಿಡೇಟೆಡ್ ಫಂಡ್ ಆದ್ರೆ 'ಸಂಚಿತ ನಿಧಿ'. ಗುತ್ತಿಗೆ ನೌಕರರ ಕನ್ಸಾಲಿಡೇಟೆಡ್ ಸ್ಯಾಲರಿ ಆದ್ರೆ 'ಸಂಚಿತ ವೇತನ'. ಇವೆಲ್ಲ 'ಒಟ್ಟಿಗೆ' ಅನ್ನೋ ತುಂಡು. ಮಣ್ಣಾದ್ರೆ 'ಕೂತ್ಕೊಳ್ತು' ಅಂತೀವಿ, ಓದಿದ್ದಾದ್ರೆ 'ತಲೇಲಿ ಗಟ್ಟಿಯಾಯ್ತು' ಅಂತೀವಿ. ಇವು 'ಗಟ್ಟಿ' ಅನ್ನೋ ತುಂಡು.

ಇದರಿಂದ ನಮಗೆ ಒಂದು ಅನುಕೂಲ ಇದೆ. ಇಂಗ್ಲಿಷಿನಲ್ಲಿ ಈ ಪದ ಹೇಳಿದ ಕೂಡಲೇ ಎರಡೂ ಕೆಲಸ ಆಗಿಬಿಟ್ಟಿದೆ ಅನ್ನಿಸುತ್ತೆ. ಕನ್ನಡದಲ್ಲಿ ಯೋಚಿಸಿದ್ರೆ, 'ಸರಿ, ಒಟ್ಟಿಗೆ ಸೇರಿತು, ಗಟ್ಟಿಯಾಯ್ತಾ?' ಅಂತ ಬೇರೆಯಾಗಿ ಕೇಳೋಕೆ ಆಗುತ್ತೆ. ಈ ಪ್ರಶ್ನೆಯ ಜೊತೆಗೆ ಇನ್ನೆರಡನ್ನ ಸೇರಿಸಿಕೊಳ್ಳಿ. ಸೇರೋ ಹೊತ್ತಿಗೆ ಹೊರಗೆ ಹೋಗಿದ್ದು ಏನು? ಗಟ್ಟಿಯಾಗೋವರೆಗೆ ಭಾರ ಹೊರೋರು ಯಾರು? ಈ ಮೂರೂ ಪ್ರಶ್ನೆಗೆ ಅತಿ ಸ್ಪಷ್ಟ ಉತ್ತರ ಇರೋದು ಮಣ್ಣಿನಲ್ಲಿ. ಅಲ್ಲಿಂದಲೇ ಶುರು ಮಾಡೋಣ.

ಮಣ್ಣು: ನೀರು ಹೋಗಬೇಕು

ಧಾರಾವಿ ಮೊದಲು ಕೋಳಿಗಳ, ಅಂದ್ರೆ ಮೀನುಗಾರರ ಊರು. ಧಾರಾವಿ ಕೋಳಿವಾಡ ಇವತ್ತಿಗೂ ಇದೆ. ಮೀಠಿ ನದಿ ಮಾಹಿಮ್ ಕೊಲ್ಲಿಗೆ ಸೇರೋ ಜಾಗದ ಪಕ್ಕದ ಕೆಸರು ನೆಲ ಇದು. ಇಲ್ಲಿರೋ ಕಾಲಾ ಕಿಲ್ಲಾ ಕೋಟೆಯಲ್ಲಿ 1737ರ ಕಲ್ಲುಬರಹ ಇದೆ. ನದಿ ಕಾಯೋಕೆ ಕಟ್ಟಿದ ಕೋಟೆ ಈಗ ಮನೆಗಳ ನಡುವೆ ಸಿಕ್ಕಿಕೊಂಡಿದೆ. ಅಂದ್ರೆ ಆ ನೆಲದ ಎಷ್ಟೋ ಭಾಗ ಆಮೇಲೆ ತುಂಬಿಸಿದ್ದು. ಚರ್ಮ ಹದ ಮಾಡೋರು, ಸೌರಾಷ್ಟ್ರದಿಂದ ಬಂದ ಕುಂಬಾರರು, ತಮಿಳುನಾಡಿನಿಂದ, ನಮ್ಮ ಉತ್ತರ ಕರ್ನಾಟಕದಿಂದ ಬಂದವರು, ಹೀಗೆ ಬಂದವರು ಬಂದ ಹಾಗೆ ಕೆಸರಿಗೆ ಮಣ್ಣು, ಬೂದಿ, ಕಸ, ಕಟ್ಟಡದ ಚೂರು ಹಾಕಿ ಹಾಕಿ ನಿಲ್ಲೋಕೆ ಜಾಗ ಮಾಡಿಕೊಂಡ್ರು.

ಈಗ ಸಿವಿಲ್ ಎಂಜಿನಿಯರ್ ಸ್ನೇಹಿತರು ಹೇಳೋ ಕನ್ಸಾಲಿಡೇಶನ್‌ಗೆ ಬನ್ನಿ. ಮುಂಬಯಿ ಕರಾವಳಿಯಲ್ಲಿ ಮೇಲಿನ ತುಂಬಿದ ಮಣ್ಣಿನ ಕೆಳಗೆ ಮೆರೈನ್ ಕ್ಲೇ ಅನ್ನೋ ಮೆತ್ತನೆಯ ಜೇಡಿಮಣ್ಣು ಇರುತ್ತೆ. ಅದರ ಕಣಗಳ ನಡುವೆ ನೀರು. ಮೇಲೆ ಭಾರ ಹಾಕಿದ್ರೆ ಏನಾಗುತ್ತೆ? ಮೊದಲು ಆ ಭಾರವನ್ನ ಮಣ್ಣಿನ ಕಣಗಳು ಹೊರೋದೇ ಇಲ್ಲ. ನೀರು ಹೊರುತ್ತೆ. ನೀರಿನ ಒತ್ತಡ ಏರುತ್ತೆ, ಆಮೇಲೆ ನೀರು ಸಂದಿಯಿಂದ ನಿಧಾನಕ್ಕೆ ಜಾರಿಕೊಂಡು ಹೋಗುತ್ತೆ. ನೀರು ಹೋದಷ್ಟೂ ಭಾರ ಕಣಗಳ ಮೇಲೆ ಬರುತ್ತೆ, ಕಣಗಳು ಹತ್ತಿರ ಹತ್ತಿರ ಆಗ್ತವೆ, ನೆಲ ಕೂರುತ್ತೆ, ಗಟ್ಟಿಯಾಗುತ್ತೆ. ಇದನ್ನ ಗಣಿತವಾಗಿ ಹೇಳಿದವರು ಕಾರ್ಲ್ ಟೆರ್ಜಾಗಿ. 1925ರಲ್ಲಿ ಬಂದ ಅವರ ಪುಸ್ತಕದಿಂದಲೇ ಆಧುನಿಕ ಮಣ್ಣಿನ ಯಂತ್ರಶಾಸ್ತ್ರ ಶುರುವಾಯ್ತು ಅಂತಾರೆ.

ರೋಲರ್ ಓಡಿಸಿ ರಸ್ತೆ ಗಟ್ಟಿ ಮಾಡ್ತಾರಲ್ಲ, ಅದು ಇದಲ್ಲ. ಅದಕ್ಕೆ ಕಾಂಪ್ಯಾಕ್ಷನ್ ಅಂತಾರೆ. ಅಲ್ಲಿ ಹೊರಗೆ ಹೋಗೋದು ಗಾಳಿ, ಕೆಲಸ ಗಂಟೆಗಳಲ್ಲಿ ಮುಗಿಯುತ್ತೆ. ಕನ್ಸಾಲಿಡೇಶನ್‌ನಲ್ಲಿ ಹೋಗೋದು ನೀರು. ಅದಕ್ಕೆ ತಿಂಗಳು, ವರ್ಷ, ಕೆಲವು ಕಡೆ ದಶಕಗಳೇ ಬೇಕು.

ಎಷ್ಟು ಕಾಲ ಅನ್ನೋದಕ್ಕೆ ಟೆರ್ಜಾಗಿ ಸೂತ್ರದಲ್ಲಿ ಒಂದು ಸೊಗಸಾದ ವಿಷಯ ಇದೆ. ನೀರು ಹೊರಬರೋಕೆ ಸಾಗಬೇಕಾದ ದೂರದ ವರ್ಗಕ್ಕೆ ತಕ್ಕಂತೆ ಕಾಲ ಬೇಕು. ದೂರ ಎರಡು ಪಟ್ಟಾದ್ರೆ ಕಾಲ ನಾಲ್ಕು ಪಟ್ಟು. ನಾವು ಆಲ್ಗರಿದಮ್‌ನಲ್ಲಿ ಎನ್ ಸ್ಕ್ವೇರ್ ಅಂತೀವಲ್ಲ, ಹಾಗೆ. ಅದಕ್ಕೇ ಎಂಜಿನಿಯರ್‌ಗಳು ಜೇಡಿಮಣ್ಣಿನೊಳಗೆ ಹತ್ತಿರ ಹತ್ತಿರವಾಗಿ ಪ್ಲಾಸ್ಟಿಕ್ ಪಟ್ಟಿಯಂಥ ಡ್ರೈನ್‌ಗಳನ್ನ ಲಂಬವಾಗಿ ಇಳಿಸ್ತಾರೆ. ಐದು ಮೀಟರ್ ಸಾಗಬೇಕಿದ್ದ ನೀರಿಗೆ ಒಂದು ಮೀಟರ್‌ನಲ್ಲೇ ದಾರಿ ಸಿಕ್ಕಿದ್ರೆ ಕಾಲ ಸುಮಾರಾಗಿ ಇಪ್ಪತ್ತೈದನೇ ಒಂದು ಭಾಗಕ್ಕೆ ಇಳಿಯುತ್ತೆ. ಬೇಗ ಗಟ್ಟಿಯಾಗಬೇಕು ಅಂದ್ರೆ ಹೆಚ್ಚು ಒತ್ತೋದಲ್ಲ, ಹೊರಹೋಗೋ ದಾರಿ ಹತ್ತಿರ ಮಾಡಿಕೊಡಬೇಕು. ದಾರಿ ಕೊಡದೆ ಭಾರ ಏರಿಸಿದ್ರೆ ಒಳಗಿನ ನೀರಿನ ಒತ್ತಡ ಹೆಚ್ಚಿ ಮಣ್ಣೇ ಜಾರಿ ಹೋಗುತ್ತೆ.

ಜಪಾನಿನ ಕನ್ಸಾಯ್ ವಿಮಾನ ನಿಲ್ದಾಣ 1994ರಲ್ಲಿ ತೆರೆಯಿತು. ಸಮುದ್ರದ ಜೇಡಿಮಣ್ಣಿನ ಮೇಲೆ ಮಾಡಿದ ಕೃತಕ ದ್ವೀಪ. ಎಣಿಸಿದ್ದಕ್ಕಿಂತ ಹೆಚ್ಚು ಕೂತಿದೆ, ಈಗಲೂ ನಿಧಾನಕ್ಕೆ ಕೂರ್ತಾನೇ ಇದೆ. ನಮ್ಮ ಕಡೆ ಎತ್ತರದ ಕಟ್ಟಡಗಳಿಗೆ ಬಂಡೆ ಸಿಗೋವರೆಗೂ ಪೈಲ್ ಇಳಿಸ್ತಾರೆ, ಹಾಗಾಗಿ ಕಟ್ಟಡ ಕೂರಲ್ಲ. ಆದ್ರೆ ಸುತ್ತಲಿನ ನೆಲ ಕೂರುತ್ತೆ. ಗೇಟಿನ ಹತ್ತಿರ ರಸ್ತೆ ತಗ್ಗಾಗೋದು, ಚರಂಡಿ ಪೈಪಿನ ಕೀಲು ಬಿಡೋದು, ಕೂರೋ ಮಣ್ಣು ಪೈಲನ್ನೂ ಕೆಳಗೆ ಎಳೆಯೋದು, ಇವೆಲ್ಲ ಆಮೇಲೆ ಕಾಣಿಸೋ ತೊಂದರೆಗಳು. ಧಾರಾವಿಯಂಥ ನೆಲದಲ್ಲಿ ಟವರ್ ಕಟ್ಟೋರು ಈ ಲೆಕ್ಕ ಹಾಕದೆ ಇರೋಕೆ ಆಗಲ್ಲ.

ಎದೆ: ಗಟ್ಟಿಯಾಗಬಾರದ ಜಾಗ

ಈಗ ಅದೇ ಪದ, ಡಾಕ್ಟರ್ ಕೈಯಲ್ಲಿ. ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಾಳಿಚೀಲಗಳು ಇರ್ತವೆ. ನ್ಯುಮೋನಿಯಾ ಆದಾಗ ಆ ಚೀಲಗಳಲ್ಲಿ ಗಾಳಿಯ ಬದಲು ದ್ರವ, ಕೀವು, ಜೀವಕೋಶಗಳು ತುಂಬಿಕೊಳ್ತವೆ. ಸ್ಪಂಜಿನ ಹಾಗಿರಬೇಕಾದ ಭಾಗ ಗಟ್ಟಿಯಾಗುತ್ತೆ. ಎಕ್ಸ್‌ರೇಯಲ್ಲಿ ಕಪ್ಪಾಗಿ ಕಾಣಬೇಕಾದ ಜಾಗ ಬೆಳ್ಳಗೆ ಕಾಣುತ್ತೆ. ಅದನ್ನೇ ರಿಪೋರ್ಟ್‌ನಲ್ಲಿ ಕನ್ಸಾಲಿಡೇಶನ್ ಅಂತ ಬರೀತಾರೆ.

ಎದೆಯ ಮೇಲೆ ಬೆರಳಿಟ್ಟು ಬಡಿದು ನೋಡೋ ಪದ್ಧತಿಯನ್ನ 1761ರಲ್ಲಿ ಬರೆದು ತಿಳಿಸಿದವರು ಆಸ್ಟ್ರಿಯಾದ ಡಾಕ್ಟರ್ ಔಎನ್‌ಬ್ರುಗ್ಗರ್. ಗಾಳಿ ಇದ್ರೆ ಟೊಳ್ಳು ಸದ್ದು, ತುಂಬಿಕೊಂಡಿದ್ರೆ ಮಂದ ಸದ್ದು. ಎಳನೀರಿನವರು ಕಾಯಿ ಬಡಿದು ನೋಡ್ತಾರಲ್ಲ, ಅದೇ ತತ್ವ.

ಮಣ್ಣಿಗೂ ಎದೆಗೂ ಇರೋ ವ್ಯತ್ಯಾಸ ಗಮನಿಸಿ. ಮಣ್ಣಿನಲ್ಲಿ ನೀರು ಹೋದ್ರೆ ನೆಲಕ್ಕೆ ಒಳ್ಳೇದು. ಎದೆಯಲ್ಲಿ ಗಾಳಿ ಹೋದ್ರೆ ಜೀವಕ್ಕೆ ಕೆಟ್ಟದ್ದು, ಯಾಕಂದ್ರೆ ಶ್ವಾಸಕೋಶದ ಕೆಲಸವೇ ಖಾಲಿ ಜಾಗ ಇಟ್ಟುಕೊಳ್ಳೋದು. ಗಟ್ಟಿ ಅಂದ ಮಾತ್ರಕ್ಕೆ ಒಳ್ಳೇದಲ್ಲ. ಆ ಖಾಲಿ ಜಾಗಕ್ಕೆ ಏನಾದ್ರೂ ಕೆಲಸ ಇತ್ತಾ ಅಂತ ಮೊದಲು ನೋಡಬೇಕು.

ಧಾರಾವಿಯಲ್ಲಿ ಮೊದಲ ಕೋವಿಡ್ ಪ್ರಕರಣ ವರದಿಯಾಗಿದ್ದು 2020ರ ಏಪ್ರಿಲ್ 1ರಂದು. ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ, ಸಾರ್ವಜನಿಕ ಶೌಚಾಲಯ, ಒಬ್ಬರಿಗೊಬ್ಬರು ದೂರ ಇರೋಕೆ ಜಾಗ ಎಲ್ಲಿ? ಆಗ ಪಾಲಿಕೆ ಸಿಬ್ಬಂದಿ ಮತ್ತು ಸ್ಥಳೀಯ ಡಾಕ್ಟರ್‌ಗಳು ಗಲ್ಲಿಗಲ್ಲಿಗೆ ಹೋಗಿ ಜ್ವರ, ಆಮ್ಲಜನಕ ಪರೀಕ್ಷಿಸಿದ್ರು. ಶಾಲೆ, ಸಭಾಂಗಣಗಳನ್ನ ಕ್ವಾರಂಟೈನ್ ಕೇಂದ್ರ ಮಾಡಿದ್ರು. ಇಕ್ಕಟ್ಟಾದ ಊರಲ್ಲಿ ಅವರು ಮೊದಲು ಮಾಡಿದ್ದು ಖಾಲಿ ಜಾಗ ಹುಡುಕಿಕೊಟ್ಟಿದ್ದು.

ನೆನಪು: ರಾತ್ರಿ ಪಾಳಿಯ ಕೆಲಸ

ಮನಃಶಾಸ್ತ್ರದಲ್ಲಿ ಈ ಪದ ತಂದವರು ಜರ್ಮನಿಯ ಮ್ಯುಲರ್ ಮತ್ತು ಪಿಲ್ಜೆಕರ್, 1900ರಲ್ಲಿ. ಹೊಸದಾಗಿ ಕಲಿತದ್ದು ಕೂಡಲೇ ಗಟ್ಟಿ ಆಗಿರಲ್ಲ, ಸ್ವಲ್ಪ ಹೊತ್ತು ಬೇಕು, ಆ ನಡುವೆ ಬೇರೆ ಪಾಠ ತುರುಕಿದ್ರೆ ಮೊದಲಿನದ್ದು ಹಾಳಾಗುತ್ತೆ ಅನ್ನೋದು ಅವರ ಪ್ರಯೋಗದ ಸಾರ.

ಹೆನ್ರಿ ಮೊಲೈಸನ್ ಅನ್ನೋ ಅಮೆರಿಕನ್‌ಗೆ 1953ರಲ್ಲಿ ಅಪಸ್ಮಾರಕ್ಕಾಗಿ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಬಹುಪಾಲು ತೆಗೆದ್ರು. ಬಾಲ್ಯದ ನೆನಪುಗಳು ಉಳಿದವು, ಹೊಸ ಘಟನೆ ಮಾತ್ರ ಯಾವುದೂ ನಿಲ್ಲಲಿಲ್ಲ. ಅವರು 2008ರಲ್ಲಿ ತೀರಿಕೊಂಡ್ರು. ಅವರಿಂದ ಗೊತ್ತಾಗಿದ್ದು ಏನಂದ್ರೆ ಹೊಸ ನೆನಪು ಮೊದಲು ಒಂದು ಕಡೆ ಹಿಡಿದಿಟ್ಟುಕೊಳ್ಳಬೇಕು, ಆಮೇಲೆ ದಿನಗಟ್ಟಲೆ, ವರ್ಷಗಟ್ಟಲೆ ಬೇರೆ ಕಡೆ ನೆಲೆಯಾಗಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೊದಲು ಲಾಗ್‌ಗೆ ಬರೆದು, ಆಮೇಲೆ ಡೇಟಾಬೇಸ್‌ಗೆ ಇಳಿಸಿದ ಹಾಗೆ. ಆ ಇಳಿಸೋ ಕೆಲಸದ ದೊಡ್ಡ ಪಾಲು ನಿದ್ದೆಯಲ್ಲಿ ನಡೆಯುತ್ತೆ.

ಇಲ್ಲೂ ಏನೋ ಹೊರಗೆ ಹೋಗುತ್ತೆ: ವಿವರಗಳು. ಮೊದಲ ದಿನದ ಆಫೀಸಿನಲ್ಲಿ ಯಾವ ಶರ್ಟ್ ಹಾಕಿದ್ರಿ ಅನ್ನೋದು ಹೋಗಿ, ಅಲ್ಲಿ ಹೇಗೆ ಅನ್ನಿಸ್ತು ಅನ್ನೋದು ಉಳಿಯುತ್ತೆ. ಪರೀಕ್ಷೆ ಹಿಂದಿನ ರಾತ್ರಿ ಪೂರ್ತಿ ಓದೋ ಮಕ್ಕಳಿಗೆ ಇದನ್ನ ಹೇಳಿ. ನಿದ್ದೆ ಬಿಟ್ಟು ಓದೋದು, ದಾರಿ ಕೊಡದೆ ಜೇಡಿಮಣ್ಣಿನ ಮೇಲೆ ಭಾರ ಏರಿಸಿದ ಹಾಗೆ.

ಸರ್ವರ್, ಬ್ಯಾಂಕು, ಲೆಕ್ಕಪತ್ರ

ಸರ್ವರ್ ವಿಷಯ ನಿಮಗೇ ಗೊತ್ತು, ಬೇಗ ಮುಗಿಸ್ತೀನಿ. ಹತ್ತು ಮೆಷಿನ್‌ನಲ್ಲಿ ಅರೆಖಾಲಿ ಓಡ್ತಿದ್ದ ಕೆಲಸಗಳನ್ನ ಎರಡು ಮೆಷಿನ್‌ಗೆ ಹಾಕ್ತೀವಿ. ಕರೆಂಟ್, ಲೈಸೆನ್ಸ್, ಜಾಗ ಉಳಿಯುತ್ತೆ. ಹೊರಗೆ ಹೋಗೋದು ದೂರ. ಮೊದಲು ಒಂದು ಮೆಷಿನ್ ಬಿದ್ರೆ ಒಂದು ಕೆಲಸ ನಿಲ್ತಿತ್ತು, ಈಗ ಐದು ನಿಲ್ಲುತ್ತೆ. ಆ ಅರೆಖಾಲಿ ಜಾಗ ಶ್ವಾಸಕೋಶದ ಗಾಳಿಯ ಹಾಗೆ ಏನೋ ಒಂದು ಕೆಲಸ ಮಾಡ್ತಿತ್ತು, ಬಿಲ್ಲಿನಲ್ಲಿ ಕಾಣ್ತಿರಲಿಲ್ಲ ಅಷ್ಟೇ.

ಬ್ಯಾಂಕುಗಳದ್ದು ನಮ್ಮ ಮನೆಯದ್ದೇ ಕಥೆ. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರವು, ಸಿಂಡಿಕೇಟ್ 1925ರದ್ದು, ವಿಜಯಾ 1931ರದ್ದು. ನಾಲ್ಕೂ ಮಂಗಳೂರು, ಉಡುಪಿಯಲ್ಲಿ ಹುಟ್ಟಿದವು. ಮೈಸೂರು ಬ್ಯಾಂಕ್ 1913ರದ್ದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಒಳಗೆ ಹೋಯ್ತು. ವಿಜಯಾ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾ ಒಳಗೆ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಕರಾವಳಿಯ ಆ ನಾಲ್ಕು ಹೆಸರಲ್ಲಿ ಉಳಿದದ್ದು ಕೆನರಾ ಒಂದೇ.

ಕಾಗದದಲ್ಲಿ ಒಂದಾಗಿದ್ದು ಒಂದೇ ದಿನದಲ್ಲಿ. ಗಟ್ಟಿಯಾಗೋಕೆ ಎಷ್ಟು ಕಾಲ ಹಿಡಿಯಿತು ನೋಡಿ: ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ ಕೋಡ್ ನಿಂತಿದ್ದು 2021ರ ಜುಲೈ 1ಕ್ಕೆ. ಹದಿನೈದು ತಿಂಗಳು. ಆ ನಡುವೆ ಹೊಸ ಚೆಕ್‌ಬುಕ್, ಹೊಸ ಕೋಡ್, ಪಿಂಚಣಿ ಖಾತೆ ಅಂತ ಓಡಾಡಿದವರು ಊರಲ್ಲಿರೋ ನಮ್ಮ ಅಪ್ಪ ಅಮ್ಮಂದಿರು. ಮಣ್ಣಿನ ಲೆಕ್ಕದಲ್ಲಿ ಅವರೇ ಆ ನೀರು. ಗಟ್ಟಿಯಾಗೋವರೆಗೆ ಭಾರ ಹೊತ್ತವರು.

ಇನ್ನು ಕನ್ಸಾಲಿಡೇಟೆಡ್ ಲೆಕ್ಕಪತ್ರ. ಒಂದು ಕಂಪನಿಗೆ ಇನ್ನೊಂದು ಕಂಪನಿಯ ಮೇಲೆ ಹತೋಟಿ ಇದ್ರೆ, ಎರಡನ್ನೂ ಒಂದೇ ಅನ್ನೋ ಹಾಗೆ ಲೆಕ್ಕ ತೋರಿಸಬೇಕು. ಇಲ್ಲಿ ಎರಡು ನಿಯಮ ತಿಳ್ಕೊಳ್ಳಿ. ಒಂದು, ಒಳಗೊಳಗಿನ ವ್ಯಾಪಾರ ಹೊಡೆದು ಹಾಕ್ತಾರೆ. ಅಣ್ಣನ ಅಂಗಡಿ ತಮ್ಮನ ಅಂಗಡಿಗೆ ಒಂದು ಲಕ್ಷದ ಮಾಲು ಮಾರಿದ್ರೆ, ಮನೆಯ ಒಟ್ಟು ಲೆಕ್ಕದಲ್ಲಿ ಅದು ವ್ಯಾಪಾರವೇ ಅಲ್ಲ. ಎರಡು, ಪಾಲು ಶೇಕಡಾ 80 ಇದ್ರೂ ಆಸ್ತಿ ಸಾಲ ಎಲ್ಲ ಪೂರ್ತಿ ನೂರು ಸೇರಿಸ್ತಾರೆ, ಮಿಕ್ಕ 20ನ್ನ 'ಹತೋಟಿ ಇಲ್ಲದವರ ಪಾಲು' ಅಂತ ಬೇರೆ ಸಾಲಿನಲ್ಲಿ ತೋರಿಸ್ತಾರೆ. ಈ 80:20 ನೆನಪಿಟ್ಟುಕೊಳ್ಳಿ, ಕೊನೆಗೆ ಬರುತ್ತೆ.

ಸಾಲ ಮತ್ತು ಸಂಬಳ

ನಮ್ಮ ಜೇಬಿಗೆ ಬರೋಣ. ನಿಮಗೆ 3 ಲಕ್ಷ ರೂಪಾಯಿ ಬಾಕಿ ಇದೆ, ಬಡ್ಡಿ ವರ್ಷಕ್ಕೆ ಶೇಕಡಾ 12, ತೀರಿಸೋಕೆ 2 ವರ್ಷ ಅಂದ್ಕೊಳ್ಳಿ. ಇಎಂಐ ಸುಮಾರು 14,120 ರೂಪಾಯಿ, ಒಟ್ಟು ಬಡ್ಡಿ ಸುಮಾರು 39 ಸಾವಿರ. ಇದೇ ಸಾಲವನ್ನ ಅದೇ ಬಡ್ಡಿಗೆ 5 ವರ್ಷಕ್ಕೆ 'ಕನ್ಸಾಲಿಡೇಟ್' ಮಾಡಿದ್ರೆ ಇಎಂಐ ಸುಮಾರು 6,670ಕ್ಕೆ ಇಳಿಯುತ್ತೆ. ಅರ್ಧಕ್ಕಿಂತ ಕಡಿಮೆ! ಆದ್ರೆ ಒಟ್ಟು ಬಡ್ಡಿ ಸುಮಾರು 1 ಲಕ್ಷ. ಕ್ರೆಡಿಟ್ ಕಾರ್ಡ್ ಬಾಕಿಯಂಥ ದುಬಾರಿ ಸಾಲವನ್ನ ಕಡಿಮೆ ಬಡ್ಡಿಗೆ ತಂದು, ಅವಧಿ ಹಿಗ್ಗಿಸದೆ ಇದ್ರೆ ಲಾಭ. ಬರೀ ಇಎಂಐ ನೋಡಿ ಸಹಿ ಮಾಡಿದ್ರೆ ಸಾಲ ಒಟ್ಟಿಗೆ ಸೇರುತ್ತೆ, ಗಟ್ಟಿಯಾಗೋದು ಬ್ಯಾಂಕಿನ ಆದಾಯ.

ಸಂಚಿತ ವೇತನದಲ್ಲಿ ಇನ್ನೂ ನೇರ. ಮೂಲವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಅಂತ ಬೇರೆ ಬೇರೆ ಸಾಲು ಇರಲ್ಲ, ತಿಂಗಳಿಗೆ ಇಷ್ಟು ಅಂತ ಒಂದೇ ಮೊತ್ತ. ತುಟ್ಟಿಭತ್ಯೆಯ ಸಾಲೇ ಇಲ್ಲ ಅಂದ್ಮೇಲೆ ಬೆಲೆ ಏರಿದ ಹಾಗೆ ಅದು ತಾನಾಗಿ ಏರೋದೂ ಇಲ್ಲ. ಆಫರ್ ಲೆಟರ್‌ನಲ್ಲಿ ಈ ಪದ ಕಂಡ್ರೆ ಯಾವ ಯಾವ ಸಾಲು ಮಾಯವಾಗಿದೆ ಅಂತ ಒಮ್ಮೆ ಕೇಳಿ.

ಕಂಟೇನರ್ ಮತ್ತು ತೇರಾ ಕಂಪೌಂಡ್

ಮತ್ತೆ ಧಾರಾವಿಗೆ. ಇಲ್ಲಿನ ಚರ್ಮದ ಬ್ಯಾಗು, ಬೆಲ್ಟು, ಬಟ್ಟೆ ಹೊರದೇಶಕ್ಕೂ ಹೋಗುತ್ತೆ. ಸಣ್ಣ ಕಾರ್ಖಾನೆಯವರ ಹತ್ತು ಪೆಟ್ಟಿಗೆಗೆ ಒಂದು ಪೂರ್ತಿ ಕಂಟೇನರ್ ಬೇಕಾಗಲ್ಲ. ಹಲವರ ಮಾಲು ಸೇರಿಸಿ ಒಂದು ಕಂಟೇನರ್ ತುಂಬಿ ಕಳಿಸೋರಿಗೆ ಕನ್ಸಾಲಿಡೇಟರ್ ಅಂತಾರೆ. ಸಣ್ಣವರಿಗೆ ಇದು ದೊಡ್ಡ ಉಪಕಾರ. ಬೆಲೆ ಏನಂದ್ರೆ, ಒಬ್ಬರ ಕಾಗದಪತ್ರ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡ್ರೆ ಉಳಿದವರ ಪೆಟ್ಟಿಗೆಯೂ ಕಾಯಬೇಕಾಗಬಹುದು.

ತೇರಾ ಕಂಪೌಂಡ್ ಕಡೆ ಹೋದ್ರೆ ಪ್ಲಾಸ್ಟಿಕ್ ಮರುಬಳಕೆ. ಮುಂಬಯಿಯ ಕಸ ಇಲ್ಲಿ ಬಂದು ಮತ್ತೆ ಮಾಲಾಗುತ್ತೆ. ಕರಗಿಸಿ ಒಂದು ಮಾಡೋ ಮೊದಲು ಇಲ್ಲಿನವರು ಮಾಡೋ ಕೆಲಸ ಬೇರ್ಪಡಿಸೋದು. ಬಣ್ಣ ನೋಡಿ, ಮುರಿದಾಗಿನ ಸದ್ದು ಕೇಳಿ, ಒಂದು ಚೂರು ಸುಟ್ಟು ವಾಸನೆ ನೋಡಿ, ನೀರಿನಲ್ಲಿ ತೇಲುತ್ತಾ ಮುಳುಗುತ್ತಾ ನೋಡಿ ಬೇರೆ ಬೇರೆ ಗುಡ್ಡೆ ಹಾಕ್ತಾರೆ. ಎರಡು ಬಗೆಯದ್ದು ಬೆರೆತು ಕರಗಿದ್ರೆ ಆ ಮಾಲಿಗೆ ಬೆಲೆ ಬಿದ್ದುಹೋಗುತ್ತೆ. ಡೇಟಾ ಮೈಗ್ರೇಷನ್ ಮಾಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಒಂದು ಮಾಡೋ ಮೊದಲು ಯಾವುದು ಯಾವುದು ಬೇರೆ ಅಂತ ಗೊತ್ತಿರಬೇಕು.

ಭೂಮಿ: ಹೊಲದಿಂದ ಗಲ್ಲಿಗೆ

ಕೊನೆಯ ಅರ್ಥ ಭೂಮಿಯದ್ದು. 1947ರಲ್ಲಿ ಮುಂಬಯಿ ಪ್ರಾಂತ್ಯ ಒಂದು ಕಾಯ್ದೆ ಮಾಡಿತು, ಜಮೀನು ತುಂಡಾಗೋದನ್ನ ತಡೆದು, ಚದುರಿದ ಹಿಡುವಳಿಗಳನ್ನ ಒಟ್ಟು ಮಾಡೋ ಕಾಯ್ದೆ. ಆಗ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಎಲ್ಲ ಆ ಪ್ರಾಂತ್ಯದಲ್ಲೇ ಇದ್ದವು. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲ ನಾಲ್ಕು ಕಡೆ ತುಂಡಾಗಿದ್ರೆ, ಅದಲು ಬದಲು ಮಾಡಿ ಒಂದೇ ಕಡೆ ಕೊಡೋದು ಉದ್ದೇಶ. ಬೆಲೆಯಲ್ಲಿ ವ್ಯತ್ಯಾಸ ಬಂದ್ರೆ ಪರಿಹಾರ. ಲೆಕ್ಕ ಸರಿ. ಆದ್ರೆ ಎರೆಭೂಮಿ ಕೊಟ್ಟು ಮಸಾರಿ ತಗೊಳ್ಳೋಕೆ ಯಾವ ರೈತ ಒಪ್ತಾನೆ? ಬಾವಿ ಎಲ್ಲಿದೆ, ದಾರಿ ಎಲ್ಲಿದೆ ಅನ್ನೋದು ಎಕರೆ ಲೆಕ್ಕದಲ್ಲಿ ಬರಲ್ಲ.

ಇದೇ ಪ್ರಶ್ನೆ ಧಾರಾವಿಯಲ್ಲಿ ಇವತ್ತು ಇನ್ನೂ ದೊಡ್ಡದಾಗಿ ನಿಂತಿದೆ. ಪುನರಭಿವೃದ್ಧಿ ಯೋಜನೆಯನ್ನ ಸರ್ಕಾರ 2004ರಲ್ಲಿ ಒಪ್ಪಿತು. ಆಮೇಲೆ ಐದು ಸೆಕ್ಟರ್‌ಗಳಾಗಿ ಹಂಚಿ ಮಾಡೋ ಆಲೋಚನೆ ಇತ್ತು, ಅದು ನಡೆಯಲಿಲ್ಲ. 2018ರಲ್ಲಿ ಇಡೀ ಧಾರಾವಿಯನ್ನ ಒಂದೇ ಯೋಜನೆ ಮಾಡಬೇಕು ಅಂತ ತೀರ್ಮಾನವಾಯ್ತು. 2022ರ ನವೆಂಬರ್‌ನಲ್ಲಿ ಅದಾನಿ ಸಮೂಹ 5,069 ಕೋಟಿ ರೂಪಾಯಿ ಬಿಡ್‌ನಿಂದ ಟೆಂಡರ್ ಗೆದ್ದಿತು. ಇದಕ್ಕಾಗಿ ಮಾಡಿದ ಕಂಪನಿಯಲ್ಲಿ ಅದಾನಿಯದ್ದು ಶೇಕಡಾ 80, ಮಹಾರಾಷ್ಟ್ರ ಸರ್ಕಾರದ್ದು 20. ಆಗ ಹೇಳಿದ 80:20 ಇದೇ. ಲೆಕ್ಕಪತ್ರದ ಭಾಷೆಯಲ್ಲಿ 20 ಅಂದ್ರೆ ಹತೋಟಿ ಇಲ್ಲದವರ ಪಾಲು. ಅಲ್ಲಿ ವಾಸ ಮಾಡೋರಿಗೆ ಆ ಪಾಲುಪಟ್ಟಿಯಲ್ಲಿ ಸಾಲು ಇಲ್ಲ.

ಯಾರಿಗೆ ಏನು ಸಿಗುತ್ತೆ? 2000ದ ಜನವರಿ 1ರವರೆಗೆ ನೆಲಮಹಡಿಯಲ್ಲಿ ಇದ್ದವರಿಗೆ ಧಾರಾವಿಯಲ್ಲೇ 350 ಚದರ ಅಡಿ ಮನೆ ಉಚಿತ. ಅದಾದ ಮೇಲೆ 2011ರ ಜನವರಿ 1ರವರೆಗೆ ಬಂದವರಿಗೆ ಧಾರಾವಿಯ ಹೊರಗೆ 300 ಚದರ ಅಡಿ, 2.5 ಲಕ್ಷ ರೂಪಾಯಿಗೆ. ಇನ್ನೂ ಆಮೇಲೆ ಬಂದವರಿಗೆ, ಮೇಲ್ಮಹಡಿಯವರಿಗೆ, 2022ರ ನವೆಂಬರ್ 15ರವರೆಗಿನ ದಾಖಲೆ ಇದ್ರೆ, ಧಾರಾವಿಯ ಹೊರಗೆ ಬಾಡಿಗೆ ಮನೆ, ಮುಂದೆ ಕೊಂಡುಕೊಳ್ಳೋ ಅವಕಾಶ.

ಅನುಕೂಲ ಇಲ್ಲ ಅಂತ ನಾನು ಹೇಳ್ತಿಲ್ಲ. ಮನೆಯೊಳಗೆ ಶೌಚಾಲಯ, ನಲ್ಲಿ ನೀರು, ಮಳೆಗಾಲದಲ್ಲಿ ಒಣಗಿದ ನೆಲ, ಸ್ವಂತ ಹೆಸರಿನ ಕಾಗದ. ಇವು ಸಣ್ಣ ವಿಷಯಗಳಲ್ಲ, ಅಲ್ಲಿನ ಎಷ್ಟೋ ಜನ ಕಾಯ್ತಿರೋದು ಇದಕ್ಕೇ. ಹಾಗಿದ್ರೂ ನಮ್ಮ ಪ್ರಶ್ನೆಗಳನ್ನ ಇಲ್ಲಿ ಇಟ್ಟು ನೋಡೋಣ.

ಒಟ್ಟಿಗೆ ಸೇರ್ತಿರೋದು ಏನು? ಭೂಮಿ. ಹೊರಗೆ ಹೋಗೋದು ಏನು? ಧಾರಾವಿಯ ಮನೆ ಬಹಳ ಕಡೆ ಬರೀ ಮನೆಯಲ್ಲ. ಕೆಳಗೆ ಹೊಲಿಗೆ ಮಷಿನ್, ಮೇಲೆ ಮಲಗೋ ಜಾಗ. ಬಾಗಿಲಲ್ಲಿ ಕುಂಬಾರನ ಮಡಕೆ ಒಣಗ್ತಿರುತ್ತೆ, ಗಲ್ಲಿಯ ಕೊನೆಯಲ್ಲಿ ಕೊಳ್ಳೋನು ಇರ್ತಾನೆ. ಕೆಲಸ, ಮನೆ, ಪೇಟೆ ಮೂರೂ ಆಗಲೇ ಒಂದಾಗಿ, ದಶಕಗಳಲ್ಲಿ ಗಟ್ಟಿಯಾಗಿದೆ. ಅಂದ್ರೆ ಧಾರಾವಿ ತನ್ನದೇ ರೀತಿಯಲ್ಲಿ ಕನ್ಸಾಲಿಡೇಟ್ ಆಗಿರೋ ಊರು. ಹೊಸ ನಕ್ಷೆ ಭೂಮಿಯನ್ನ ಒಂದು ಮಾಡುವಾಗ ಕೆಲಸವನ್ನ ಒಂದು ಕಡೆ, ಮನೆಯನ್ನ ಹನ್ನೆರಡನೇ ಮಹಡಿಯಲ್ಲಿ ಇಟ್ರೆ, ಆ ಹಳೆಯ ಕೂಡಿಕೆ ಬಿಡಿಯಾಗುತ್ತೆ. ಹೊರಗೆ ಕಳಿಸಿದವರ ವಿಷಯದಲ್ಲಂತೂ ಇನ್ನೂ ಹೆಚ್ಚು. ಮುಂಬಯಿ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತೆ, ಕನ್ನಡವೂ ಅದರಲ್ಲಿ ಒಂದು. ಒಂದೊಂದು ಭಾಷೆಯವರು ಹತ್ತಿರ ಹತ್ತಿರ ಇದ್ದಾಗ ಆ ಶಾಲೆಗೆ ಮಕ್ಕಳು ಸಿಗ್ತಾರೆ, ಚದುರಿದ್ರೆ ಸಿಗೋದು ಕಷ್ಟ.

ಗಟ್ಟಿಯಾಗೋವರೆಗೆ ಭಾರ ಯಾರ ಮೇಲೆ? ಮನೆ ಖಾಲಿ ಮಾಡಿ ಹೊಸ ಮನೆಗೆ ಕಾಯೋರ ಮೇಲೆ. ಧಾರಾವಿಯಲ್ಲಿ ಒಂದು ಬಡಾವಣೆಯ ಹೆಸರೇ ಟ್ರಾನ್ಸಿಟ್ ಕ್ಯಾಂಪ್. ಹೆಸರಿನ ಪ್ರಕಾರ ಅದು ತಾತ್ಕಾಲಿಕ. ಈಗ ಅಲ್ಲಿ ಶಾಲೆ ಇದೆ, ಅಂಗಡಿ ಇದೆ, ಅದೇ ಜನರ ವಿಳಾಸ. ನಡುವಿನ ಕಾಲ ಎಷ್ಟು ಉದ್ದ ಆಗಬಹುದು ಅನ್ನೋದನ್ನ ಅಲ್ಲಿನವರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ.

ಟೆರ್ಜಾಗಿ ಹೇಳಿದ್ದನ್ನ ಇಲ್ಲಿಗೆ ತಂದ್ರೆ ಉತ್ತರ ಒಂದು ಮಟ್ಟಿಗೆ ಸಿಗುತ್ತೆ. ಒತ್ತಡ ಹೆಚ್ಚಿಸಿದ್ರೆ ಬೇಗ ಆಗಲ್ಲ. ಸಾಗಬೇಕಾದ ದೂರ ಕಡಿಮೆ ಮಾಡಬೇಕು. ಕುಟುಂಬವನ್ನ ಹತ್ತು ಕಿಲೋಮೀಟರ್ ಆಚೆ ಕಳಿಸೋ ಬದಲು ಪಕ್ಕದ ಗಲ್ಲಿಯಲ್ಲೇ ಇರಿಸಿ, ಹಂತ ಹಂತವಾಗಿ ಕಟ್ಟಿದ್ರೆ, ಸಮೀಕ್ಷೆಯಲ್ಲಿ ಮೇಲ್ಮಹಡಿಯವರನ್ನೂ ಮಷಿನ್ನನ್ನೂ ಎಣಿಸಿದ್ರೆ, ನಡುವಿನ ಭಾರ ಕಡಿಮೆಯಾಗುತ್ತೆ.

ನಮಗೆ ಉಳಿಯೋದು

ಹಾಗಾಗಿ ಮುಂದಿನ ಸಲ ಟೌನ್‌ಹಾಲ್ ಮೀಟಿಂಗ್‌ನಲ್ಲೋ, ಬ್ಯಾಂಕಿನ ಮೆಸೇಜ್‌ನಲ್ಲೋ, ಊರಿನ ಶಾಲೆಗಳನ್ನ ಒಂದು ಮಾಡ್ತಾರಂತೆ ಅನ್ನೋ ಸುದ್ದಿಯಲ್ಲೋ ಈ ಪದ ಕೇಳಿದ್ರೆ ಕೂಡಲೇ ತಲೆ ಆಡಿಸಬೇಡಿ, ಕೂಡಲೇ ಬೈಯಲೂ ಬೇಡಿ. ಸೇರಿದ್ದು ಗಟ್ಟಿಯಾಗುತ್ತಾ, ಹೊರಗೆ ಹೋಗೋದು ನೀರಾ ಇಲ್ಲ ಉಸಿರಾ, ಅಲ್ಲಿಯವರೆಗೆ ಹೊರೋರು ಯಾರು ಅಂತ ಕೇಳಿ. ಉತ್ತರ ಕೊಡೋಕೆ ಆಗೋರ ಹತ್ತಿರ ಯೋಜನೆ ಇದೆ ಅಂತ ಅರ್ಥ. ಕೊಡೋಕೆ ಆಗದೇ ಇರೋರ ಹತ್ತಿರ ಇರೋದು ಪದ ಒಂದೇ.

ನಿಮ್ಮ ಕೆಲಸದಲ್ಲಿ ಈ ಪದಕ್ಕೆ ಇನ್ನೇನಾದ್ರೂ ಅರ್ಥ ಇದ್ರೆ, ಅದಕ್ಕೆ ನೀವು ಆಡೋ ಕನ್ನಡ ಪದ ಯಾವುದು ಅಂತಲೂ ಬರೆದು ಕಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.